ಹಳದಿ ಬಳಿದ ಕೆರೆಗಳು

ನನ್ನ ಹೆಂಡತಿಯ ಕೆಲಸ ಬಣ್ಣ ಹಚ್ಚುವುದು. ಉಪಗ್ರಹ ತೆಗೆದ ನೆಲದ ಚಿತ್ರಗಳು ಅವಳ ಕಂಪ್ಯೂಟರಿಗೆ ಬರುತ್ತವೆ. ಮರಕ್ಕೆ ಹಸಿರು, ಹುಲ್ಲಿಗೆ ಹಳದಿ, ನೀರಿಗೆ ನೀಲಿ, ಕಟ್ಟಡಕ್ಕೆ ಕೆಂಪು. ಅವಳು ಹಚ್ಚಿದ್ದನ್ನು ನೋಡಿ ಯಂತ್ರ ಕಲಿಯುತ್ತದೆ, ಉಳಿದ ಊರಿಗೆಲ್ಲ ತಾನೇ ಹಚ್ಚುತ್ತದೆ. ಆರು ವರ್ಷದಿಂದ ಇದೇ. ನಮ್ಮ ತಾರಸಿಯ ಮೇಲೆ ಒಂದು ನೀಲಿ ಟಾರ್ಪಾಲು ಹಾಸುವ ಹಾಗಿಲ್ಲ.

"ಮೇಲಿಂದ ನೀರಿನ ಹಾಗೆ ಕಾಣತ್ತೆ, ತೆಗೀರೀ."

ಮೇಲಿಂದ ಯಾರು ನೋಡುತ್ತಾರೆ ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾಳೆ.

ಈಚೆಗೆ ಒಂದು ತಿಂಗಳು ನನ್ನ ತಲೆ ತಿಂದದ್ದು ಹಳೆಯ ಇಟ್ಟಿಗೆ ಗೂಡಿನ ಹಿಂದಿರುವ ಕೆರೆ. ಅದರ ತುಂಬ ಪಾಚಿ. ಯಂತ್ರ ಅದನ್ನು ಹುಲ್ಲುಗಾವಲು ಎಂದಿತು. ಇವಳು ನೀರು ಎಂದು ತಿದ್ದಿದರೂ ಮತ್ತೆ ಹುಲ್ಲೇ ಎಂದಿತು. ಈ ಬಣ್ಣಗಳಿಂದಾಗುವ ಊರಿನ ನಕ್ಷೆ ಹಾಗೇ ಅಂತಿಮವಾದರೆ ಖಾಲಿ ಜಾಗವೆಂದು ಮಣ್ಣು ತುಂಬಿ ಬಸ್ ಡಿಪೋ ಕಟ್ಟುತ್ತಾರೆ. ಸೋಮವಾರವೇ ಗಡುವು.

"ಯಾವ ಕುರುಡ ಇದಕ್ಕೆ ಪಾಠ ಹೇಳಿಕೊಟ್ನೋ!" ಊಟಕ್ಕೆ ಕೂತಾಗಲೂ ಅದೇ ಬೈಗುಳ. ನನಗೂ ಸಾಕುಸಾಕಾಗಿತ್ತು.

ಭಾನುವಾರ ನನ್ನನ್ನು ಕೆರೆಗೆ ಎಳೆದೊಯ್ದಳು.

"ಸ್ವಲ್ಪ ಇಳೀರೀ. ಹುಲ್ಲಾದ್ರೆ ನಿಲ್ತೀರ."

"ಕೆರೆಯಾದ್ರೆ, ಮಾರಾಯ್ತಿ?"

"ಫೋಟೋ ತೆಗೀತೀನಿ."

ಸೊಂಟದ ತನಕ ಮುಳುಗಿದೆ. ಕೈ ಕೊಡುವ ಮೊದಲು ಪುಣ್ಯಾತ್ಗಿತ್ತಿ ಮೂರು ಫೋಟೋ ತೆಗೆದಳು. ನನ್ನ ಒಂದು ಚಪ್ಪಲಿ ಈಗಲೂ ಅಲ್ಲೇ ಇದೆ.

ಮರುದಿನ ಅವಳ ಆಫೀಸಿನ ಮೇಲ್ವಿಚಾರಕ ಆ ಫೋಟೋ ನೋಡಿ ಹೊಟ್ಟೆ ಹಿಡಿದು ನಕ್ಕನಂತೆ. ಆಮೇಲೆ ಹೇಳಿದನಂತೆ, "ಇದು ಸಾಲಲ್ಲ ಮೇಡಂ. ಯಂತ್ರ ಕಲಿತ ಮೊದಲ ಚಿತ್ರಗಳಲ್ಲೇ ತಪ್ಪಿರಬೇಕು. ತಪ್ಪು ಮಾಡಿದವರು ಒಪ್ಪಿ ಬರೆದುಕೊಟ್ರೆ ಮಾತ್ರ ನಕ್ಷೆ ತಡೀಬಹುದು."

ಹಳೆಯ ಕಡತ ತೆರೆದರು. ಬೇರೆ ಬೇರೆ ಕಡೆಯ ಹನ್ನೊಂದು ಪಾಚಿಗಟ್ಟಿದ ಕೆರೆಗಳು, ಎಲ್ಲಕ್ಕೂ ಅಚ್ಚುಕಟ್ಟಾಗಿ ಹಳದಿ. ಹಚ್ಚಿದವರ ಜಾಗದಲ್ಲಿ ಇವಳದೇ ಹೆಸರು, ಕೆಲಸಕ್ಕೆ ಸೇರಿದ ಮೊದಲ ವಾರದ್ದು.

ಸಂಜೆ ಇದನ್ನು ಹೇಳುವಾಗ ಅವಳು ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ತಿಂಗಳಿನ ಸಿಟ್ಟೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಬರೆದುಕೊಟ್ಯಾ?"

"ಕೊಟ್ಟೆ. ನಮ್ಮ ಕೆರೆ ಉಳೀತು."

"ಮತ್ಯಾಕೆ ಈ ಮುಖ?"

"ಆ ಹನ್ನೊಂದರ ಈಗಿನ ನಕ್ಷೆ ತೆಗೆದು ನೋಡ್ದೆ ರೀ. ಒಂಬತ್ತು ಕೆಂಪಾಗಿವೆ."

ಅವಳ ಹೆಗಲಿನ ಚೀಲ ಇಳಿಸಿಕೊಂಡೆ. ಉಳಿದ ಎರಡಕ್ಕೆ ಯಾವತ್ತು ಇಳಿಯಬೇಕು ಎಂದಷ್ಟೇ ಕೇಳಿದೆ.