ಸಂಘಮಿತ್ರ ಮಾಡಿದ ತೂಕದ ಯಂತ್ರ

ನಾವು ಬಾಡಿಗೆಗಿದ್ದ ರಾಮಕೃಷ್ಣನಗರದ ಮನೆಯ ಮಹಡಿ ಮೇಲೆ ವಿಶ್ವನಾಥ್ ಅವರ ಚಿಕ್ಕ ಎಲೆಕ್ಟ್ರಾನಿಕ್ಸ್ ಘಟಕವಿತ್ತು. ಅಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದವಳು ಅಶೋಕಪುರಂನ ಸಂಘಮಿತ್ರ. ಫಿಟ್ಟರ್ ಒಬ್ಬರ ಮಗಳು. ಬಿಚ್ಚಿದ್ದನ್ನು ಕಾರಣ ತಿಳಿಯದೆ ಮುಚ್ಚುವವಳಲ್ಲ. 2003ರಲ್ಲಿ ಏಳು ತಿಂಗಳು ಕೂತು ಎಳೆಮಕ್ಕಳನ್ನು ತೂಗುವ ಯಂತ್ರ ಮಾಡಿದ್ದಳು. ಅವತ್ತು ಮೂರು ಗಂಟೆಗೆ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಅದನ್ನು ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಈ ಯಂತ್ರ ಇಲ್ಲಿಗೇ ನಿಂತಿತು ಎಂದು ವಿಶ್ವನಾಥ್ ಹೇಳಿಬಿಟ್ಟಿದ್ದರು.

"ಅಕ್ಕಿ ಚೀಲ ತೂಗಿ ತೂಗಿ ಸಾಕಾಯ್ತು ಅಕ್ಕ, ಒದ್ದಾಡೋ ಮಕ್ಕಳು ಬೇಕು" ಎಂದು ಎರಡು ಗಂಟೆಗೆ ನನ್ನನ್ನು ಕರೆದಳು. ನನ್ನ ನಿಶ್ಚಿತಾಗೆ ಆಗ ನಾಲ್ಕು ತಿಂಗಳು. ತೂಕ ಏರುತ್ತಿಲ್ಲವೆಂದು ನನಗೆ ಊಟವೇ ಸೇರುತ್ತಿರಲಿಲ್ಲ. ಘಟಕದಲ್ಲಿ ಕಸ ಗುಡಿಸುವ ಚಿಕ್ಕಮಾದಮ್ಮ ಕೂಡ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು.

ಮೊಮ್ಮಗ ಎಂಟು ಕಿಲೋ. ಸರಿ. ಆಮೇಲೆ ನನ್ನ ಮಗಳು. ಎಲ್ಲಿ ಬಿದ್ದುಬಿಡುತ್ತಾಳೋ ಎಂದು ಗಕ್ಕನೆ ಎತ್ತಿಕೊಂಡೆ. ಆರು ಕಿಲೋ ಎಂಟುನೂರ ಎಂಬತ್ತು!

"ಏನ್ ತಿನ್ನಿಸ್ಬುಟ್ಟೆ ಕಣಮ್ಮ?" ಎಂದರು ಚಿಕ್ಕಮಾದಮ್ಮ.

ನನಗೆ ಕುಣಿಯುವಷ್ಟು ಖುಷಿ. ಮರುಕ್ಷಣವೇ ಅವಳ ಕೈಕಾಲು ಒತ್ತಿ ನೋಡಿದೆ. ಹೋದ ತಿಂಗಳು ನಾಲ್ಕು ಕಿಲೋ ಏಳುನೂರು ಇದ್ದ ಮಗು! ಮೈಯಲ್ಲಿ ನೀರು ತುಂಬಿದೆಯೋ ಏನೋ?

"ಆಫ್ ಮಾಡಿ ಆನ್ ಮಾಡಮ್ಮ" ಎಂದರು ವಿಶ್ವನಾಥ್. ಮಾಡಿದಳು. ಐದು ಕಿಲೋ ಇನ್ನೂರು.

"ಸರಿಹೋಯ್ತಲ್ಲ!"

"ಯಾಕೆ ಸರಿಹೋಯ್ತು ಸಾರ್?"

"ಅಯ್ಯೋ ತಾಯಿ, ಡಾಕ್ಟರಮ್ಮ ಬರೋ ಹೊತ್ತಾಯ್ತು!"

"ಆಸ್ಪತ್ರೇಲಿ ಪ್ರತಿ ಮಗುವಿಗೂ ಆಫ್ ಮಾಡ್ತಾರಾ?"

ಆಫ್ ಮಾಡದೆ ಮತ್ತೆ ಇಬ್ಬರನ್ನೂ ತೂಗಿದಳು. ನಾನು ಮತ್ತೆ ಗಕ್ಕನೆ ಎತ್ತಿಕೊಂಡೆ. ನನ್ನ ಮಗಳು ಮತ್ತೆ ಆರೂವರೆ ಕಿಲೋ ದಾಟಿದಳು! "ಸಿಕ್ತು!" ಎಂದು ಸಂಘಮಿತ್ರ ಮೇಜು ಕುಟ್ಟಿದಳು.

"ನೋಡಿ ಅಕ್ಕ, ಯಂತ್ರ ಒಂದೊಂದು ಮಗೂನೂ ಹತ್ತು ಸಲ ತೂಗಿ ಸರಾಸರಿ ತೆಗೆಯುತ್ತೆ. ಆ ಹತ್ತು ಅಂಕಿ ಇಡೋಕೆ ಮೆಮೊರೀಲಿ ಜಾಗ ಕೇಳ್ತೀನಿ. ಅದು ಜಾಗ ಕೊಡುತ್ತೆ, ಆದರೆ ಒರೆಸಿ ಕೊಡಲ್ಲ. ಹತ್ತು ಕುಳಿಯ ಇಡ್ಲಿ ತಟ್ಟೆ ಅಂದ್ಕೊಳ್ಳಿ. ನೀವು ಬೇಗ ಎತ್ಕೊಂಡ್ರಿ, ನಾಲ್ಕೇ ಕುಳಿ ತುಂಬಿತು. ಉಳಿದ ಆರರಲ್ಲಿ ಚಿಕ್ಕಮಾದಮ್ಮನ ಮೊಮ್ಮಗನ ಇಡ್ಲಿ ಹಾಗೇ ಕೂತಿತ್ತು!"

ಸ್ವಿಚ್ ಹಾಕಿದಾಗ ಮಾತ್ರ ಎಲ್ಲ ಜಾಗವೂ ಸೊನ್ನೆಯಾಗುತ್ತಿತ್ತಂತೆ. ಸೊನ್ನೆ ಇರುವ ಕುಳಿಯನ್ನು ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲವಂತೆ. ಬ್ಯಾಟರಿ ಉಳಿಸಲು ಒಂದೊಂದು ಸಲ ತೂಗಿದ ಮೇಲೂ ಯಂತ್ರ ಆರಿಸುವುದು ಘಟಕದವರ ಅಭ್ಯಾಸ. ಸಾಲದ್ದಕ್ಕೆ ಅಕ್ಕಿ ಚೀಲವನ್ನು ಹೆದರಿ ಯಾರೂ ಎತ್ತಿಕೊಳ್ಳುವುದಿಲ್ಲ. ತಪ್ಪು ಕಾಣುವುದಾದರೂ ಹೇಗೆ?

ಪ್ರೋಗ್ರಾಮ್‌ನಲ್ಲಿ ಜಾಗ ಕೇಳಿದ ಸಾಲಿನ ಕೆಳಗೆ, ಹತ್ತನ್ನೂ ಸೊನ್ನೆ ಮಾಡುವ ಇನ್ನೊಂದು ಸಾಲು ಬರೆದಳು. ಅದನ್ನು ಚಿಪ್‌ಗೆ ತುಂಬಿಸುತ್ತಿರುವಾಗಲೇ ಡಾಕ್ಟರಮ್ಮ ಮೆಟ್ಟಿಲು ಹತ್ತಿ ಬಂದರು. ಏನೂ ಹೇಳಬೇಡ ಎಂದು ವಿಶ್ವನಾಥ್ ಕಣ್ಣಲ್ಲೇ ಬೇಡಿದರು.

"ಹತ್ತು ನಿಮಿಷ ಕೂತ್ಕೊಳ್ಳಿ ಮೇಡಂ. ಈಗ ತಾನೇ ಒಂದು ತಪ್ಪು ಸಿಕ್ಕಿದೆ, ನಿಮ್ಮ ಎದುರಿಗೇ ನೋಡೋಣ" ಎಂದುಬಿಟ್ಟಳು! ವಿಶ್ವನಾಥ್ ಹಣೆ ಒತ್ತಿಕೊಂಡು ಕುರ್ಚಿಗೆ ಕುಸಿದರು.

ಮೊದಲು ಮೊಮ್ಮಗ, ಎಂಟು. ಆಫ್ ಮಾಡಲಿಲ್ಲ. ನಿಶ್ಚಿತಾಳನ್ನು ಮಲಗಿಸಿದೆ. "ಹೆದರ್ಕೊಂಡು ಎತ್ಕೊಳ್ಳಿ ಅಕ್ಕ!" ಎಂದಳು. ಹೆದರಲು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಐದು ಕಿಲೋ ಇನ್ನೂರು!

"ನಮ್ಮಲ್ಲಿ ತಾಯಂದಿರೆಲ್ಲ ಹೀಗೇ ಗಕ್ಕನೆ ಎತ್ಕೊಳ್ಳೋದು" ಎಂದು ನಕ್ಕ ಡಾಕ್ಟರಮ್ಮ, ಇನ್ನೂ ಆರು ಸಲ ತಾವೇ ತೂಗಿ ನೋಡಿದರು. ಆಮೇಲೆ ವಿಶ್ವನಾಥರ ಕಡೆ ತಿರುಗಿ, "ಯಾವಾಗ ಕೊಡ್ತೀರಿ?" ಎಂದರು. ನಾನು ಮಾತ್ರ ಒಂದೇ ಲೆಕ್ಕ ಹಾಕುತ್ತಿದ್ದೆ: ಒಂದು ತಿಂಗಳಿಗೆ ಅರ್ಧ ಕಿಲೋ, ಅದೂ ಪೂರ್ತಿ ನನ್ನ ಮಗಳದ್ದೇ.