ನಿಧಾನದ ನಾಡಿ

ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಪಾಂಡವಪುರದ ಆಸ್ಪತ್ರೆಗೆ ಹೋಗಿದ್ದೆವು. ನಾಡಿ ಹಿಡಿದ ನರ್ಸಮ್ಮ, "ಎದೆ ಬಡಿತ ಬಾಳ ನಿಧಾನ ಐತೆ, ಇವತ್ತು ಆಪರೇಷನ್ ಆಗಲ್ಲವೇನೋ" ಎಂದರು. ನಾನು ಕೂತಲ್ಲೇ ಸ್ವಾಮಿಯನ್ನು ನೆನೆದೆ.

ಡಾಕ್ಟರು ಇಸಿಜಿ ನೋಡಿ, "ದಿನಾ ಏನು ಮಾಡ್ತೀರವ್ವಾ?" ಎಂದರು.

"ಮೇಲುಕೋಟೆ ಬೆಟ್ಟ ಅತ್ತಿ ನರಸಿಂಹಸ್ವಾಮಿಗೆ ತುಳಸಿ ಕೊಟ್ಟು ಬತ್ತೀನಿ. ಮದ್ವೆ ಆದಾಗಿಂದ."

"ಅದಕ್ಕೇ. ದಿನಾ ಹತ್ತಿ ಹತ್ತಿ, ಹೃದಯಕ್ಕೆ ನಿಧಾನ ಹೇಳುವ ನರ ಚೆನ್ನಾಗಿ ಪಳಗಿದೆ. ಆಪರೇಷನ್ ಮಾಡೋಣ" ಎಂದವರು ನನ್ನ ಕೈಯನ್ನೂ ಹಿಡಿದರು. "ನಿಮ್ಮದ್ಯಾಕೆ ಯಜಮಾನ್ರೇ, ಹೀಗೆ ಓಡ್ತಿದೆ?"

"ಇವ್ರು ಕೆಳಗೆ ಪುಳಿಯೋಗರೆ ತಿನ್ಕಂಡು ಕೂತಿರ್ತಾರೆ ಸಾ" ಎಂದಳು ಅವಳು.

ಈಗ ನಾನೂ ಹತ್ತುತ್ತೇನೆ. ಮಂಟಪ ಸಿಕ್ಕಲ್ಲೆಲ್ಲ ಅವಳು ಹೊಸ ಕಣ್ಣಲ್ಲಿ ಕಲ್ಯಾಣಿ ನೋಡುತ್ತಾ ನಿಲ್ಲುತ್ತಾಳೆ. ನನ್ನ ಏದುಸಿರು ಇಳಿಯುವವರೆಗೂ ಆ ನೋಟ ಮುಗಿಯುವುದಿಲ್ಲ.