ಪಾಡ್ಯದ ದಿನ ಸಮುದ್ರಕ್ಕಿಳಿದ ದೊಡ್ಡಮ್ಮ

ದೊಡ್ಡಮ್ಮನ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಯಾವತ್ತೋ ಕತ್ತಿ ತಾಗಿ ಆದದ್ದು. ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಸೊಪ್ಪಿನ ಹಾಲು ಸೀಳಿನೊಳಗೆ ಇಳಿದು ಕಪ್ಪು ಗೆರೆಯಾಗಿ ನಿಂತಿತ್ತು. ನನ್ನ ತಲೆ ಬಾಚುವಾಗ ಆ ಉಗುರು ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಕಿರುಚಿಕೊಂಡರೆ, "ನನ್ನ ಉಗುರೆಲ್ಲೇ ನಿನ್ನ ಕೂದ್ಲು ಹಿಡ್ಕೊಂಡಿದೆ? ನಿನ್ನ ಕೂದ್ಲೇ ನನ್ನ ಉಗುರು ಹಿಡ್ಕೊಂಡಿರೋದು. ಬಿಡಿಸ್ಕೋ" ಎನ್ನುತ್ತಿದ್ದಳು. ಹೀಗೆ ಮಾತು ತಿರುಗಿಸಿ ಏನೂ ಅರಿಯದವಳ ಹಾಗೆ ಕೂತುಬಿಡುವುದರಲ್ಲಿ ಅವಳದು ಎತ್ತಿದ ಕೈ.

ನನ್ನ ತಂದೆ ತಾಯಿ ಇದ್ದದ್ದು ಚಿಂತಾಮಣಿ ಪೇಟೆಯಲ್ಲಿ. ತಾಯಿಗೆ ಮೇಲಿಂದ ಮೇಲೆ ಹೆರಿಗೆ. ತಂದೆಯ ಅಣ್ಣ, ಎಂದರೆ ನಮ್ಮ ದೊಡ್ಡಪ್ಪ, ಕೆಂಚಾರ್ಲಹಳ್ಳಿಯಲ್ಲಿ ಜಮೀನು, ರೇಷ್ಮೆ ನೋಡಿಕೊಂಡಿದ್ದರು, ಅವರಿಗೆ ಮಕ್ಕಳಿರಲಿಲ್ಲ. ಒಂದು ಮನೆಯಲ್ಲಿ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಹಿರಿಯರು ಕೂತು ಸರಿಮಾಡಿದರು. ಹಾಗೆ ಮಾತು ಸರಿಯಾಗಿ ಬಾರದ ವಯಸ್ಸಿನಲ್ಲೇ ನಾನು ದೊಡ್ಡಮ್ಮನ ಮಡಿಲಿಗೆ ಬಂದೆ. ನನ್ನನ್ನು ಸಾಕಿದವಳು ಅವಳೇ.

ಆ ಮನೆಯ ಯಜಮಾನಿಕೆ ಅಜ್ಜಿಯದು, ದೊಡ್ಡಮ್ಮನ ಅತ್ತೆಯದು. ಅಜ್ಜಿ ಕನ್ನಡದಲ್ಲಿ ಮಾತಾಡಿ ತೆಲುಗಿನಲ್ಲಿ ಬೈಯುತ್ತಿದ್ದಳು. ದೊಡ್ಡಪ್ಪ ಎರಡಕ್ಕೂ ಸುಮ್ಮನಿರುತ್ತಿದ್ದರು. ಒಳ್ಳೆಯ ಮನುಷ್ಯ, ಹೆಂಡತಿಗೆ ಒಂದು ಏಟು ಹಾಕಿದವರಲ್ಲ. ಆದರೆ ತಾಯಿ ಬಾಯಿ ತೆರೆದರೆ ಸಾಕು, ಹಗ್ಗವೋ ಬುಟ್ಟಿಯೋ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹಿತ್ತಲಿಗೆ ಹೊರಟುಬಿಡುತ್ತಿದ್ದರು. ದೊಡ್ಡಮ್ಮನಿಗೆ ನಗು ಬಂದರೂ ಸೆರಗನ್ನು ಬಾಯಿಗೆ ಒತ್ತಿ ಹಿಡಿದೇ ನಗಬೇಕು. ಹೆಂಗಸರ ನಗು ಪಡಸಾಲೆ ದಾಟಬಾರದು ಎನ್ನುವುದು ಅಜ್ಜಿಯ ಕಾನೂನು.

ಮಕ್ಕಳಾಗಲಿಲ್ಲವೆಂದು ಸುತ್ತಮುತ್ತಲ ದೇವರಿಗೆಲ್ಲ ಹರಕೆ ಹೊತ್ತು ಮುಗಿದಿತ್ತು. ಕೊನೆಗೆ ಮನೆಗೆ ಬರುತ್ತಿದ್ದ ಪುರೋಹಿತರು ಒಂದು ದಾರಿ ಹೇಳಿದರು. ಮಾಘದ ಹುಣ್ಣಿಮೆಯ ದಿನ ಗಂಡ ಹೆಂಡತಿ ಸೆರಗಿಗೆ ಸೆರಗು ಗಂಟು ಹಾಕಿಕೊಂಡು ಸಮುದ್ರದಲ್ಲಿ ಮುಳುಗಿ ಏಳಬೇಕು. ಆದರೆ ಎಚ್ಚರ, ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟು ಬರಿಯ ದಿನ ಸಮುದ್ರವನ್ನು ಮುಟ್ಟಲೇಬಾರದು, ದೂರದಿಂದ ಕೈಮುಗಿಯಬೇಕು ಅಷ್ಟೆ, ಮುಟ್ಟಿದರೆ ದೋಷ. ಅಜ್ಜಿ ಇದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಡಿಲಲ್ಲಿ ಮಗುವಿನ ನೆರಳಿದ್ದರೆ ಒಳ್ಳೆಯದೆಂದು ನನ್ನನ್ನೂ ಜೊತೆಗೆ ಕಳಿಸುವುದೆಂದಾಯಿತು. ನನಗಾಗ ಲಂಗ ಎತ್ತಿ ಕಟ್ಟಿ ಓಡುವ ವಯಸ್ಸು.

ಹುಣ್ಣಿಮೆಗೆ ಮೊದಲೇ ಹುಳು ಹಣ್ಣಾಗಿ ಗೂಡು ಕಟ್ಟಿಬಿಡಬೇಕೆಂದು ಲೆಕ್ಕ ಹಾಕಿಯೇ ಆ ಸಲ ಮೊಟ್ಟೆ ತಂದದ್ದು. ಆ ವರ್ಷದ ಚಳಿಗೆ ಹುಳುಗಳು ಪೊರೆ ಕಳಚುವ ನಿದ್ದೆಯಿಂದ ಏಳುವುದಕ್ಕೇ ತಡ ಮಾಡಿದವು. ನಾವು ಬುತ್ತಿ ಕಟ್ಟಿ, ಜಡೆ ಹೆಣೆದು, ಗಾಡಿ ಹೂಡುವ ಹೊತ್ತಿಗೆ ಸರಿಯಾಗಿ ತಟ್ಟೆತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ ಆಡಿಸತೊಡಗಿದವು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಇದ್ದಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ಹಾಳು. ದೊಡ್ಡಮ್ಮ ಸೆರಗು ಸಿಕ್ಕಿಸಿ ಆರಿಸಲು ಕೂತಳು. "ಹೋಗ್ಲಿ ಬಿಡಿ ಅತ್ತೆ, ಇವೂ ನಾನೇ ಸಾಕಿದ ಮಕ್ಕಳಲ್ವಾ" ಎಂದಳು. ಅವತ್ತಿಡೀ ಅದೇ ಕೆಲಸ. ಮಾರನೆಯ ದಿನ ಚಿಂತಾಮಣಿಗೆ ಬಂದು, ಸಣ್ಣ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಮದರಾಸಿನ ರೈಲು ಹಿಡಿದೆವು. ಹುಣ್ಣಿಮೆ ಸಿಕ್ಕೇಸಿಗುತ್ತದೆಂದು ದೊಡ್ಡಪ್ಪ ದಾರಿಯುದ್ದಕ್ಕೂ ಹೇಳಿದರು. ಮದರಾಸಿನಲ್ಲಿ ಇಳಿದು ಛತ್ರ ಸೇರಿದಾಗ ಬೆಳಕು ಹರಿದಿತ್ತು. ಛತ್ರದ ಹಿರಿಯರೊಬ್ಬರು ಪಂಚಾಂಗ ನೋಡಿ, ಹುಣ್ಣಿಮೆ ಕಳೆದು ಪಾಡ್ಯ ಬಂದುಬಿಟ್ಟಿದೆ, ಇನ್ನು ಸ್ನಾನವಿಲ್ಲ ಎಂದರು. ದೊಡ್ಡಮ್ಮ ಗೋಡೆ ಹಿಡಿದು ಕೂತುಬಿಟ್ಟಳು.

"ಇಷ್ಟು ದೂರ ಬಂದಿದ್ದೀವಿ. ದೂರದಿಂದ ನೋಡಿ, ಕೈಮುಗ್ದು ಹೋಗಣ" ಎಂದರು ದೊಡ್ಡಪ್ಪ.

ಬಯಲು ಸೀಮೆಯವರು ಸಮುದ್ರದ ಮುಂದೆ ಹೇಗೆ ನಿಲ್ಲುತ್ತಾರೆ ಗೊತ್ತೆ? ಕೆರೆ ಏರಿಯ ಮೇಲೆ ನಿಂತ ಹಾಗೆ. ಆ ಕಡೆಯ ದಡ ಎಲ್ಲಿ ಎಂದು ಹುಡುಕುತ್ತಾರೆ. ದೊಡ್ಡಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ಹುಡುಕಿದರು. ಆಕಾಶ ನಿಚ್ಚಳವಾಗಿತ್ತು, ಬಿಸಿಲು ಮರಳಿನ ಮೇಲೆ ಥಳಥಳ ಹೊಳೆಯುತ್ತಿತ್ತು. ನಮ್ಮೂರಲ್ಲಿ ಆ ತಿಂಗಳು ಕಂಬಳಿ ಹೊದ್ದವರು ಇಲ್ಲಿ ಬರಿಮೈಯಲ್ಲಿ ಓಡಾಡುತ್ತಿದ್ದರು. ಬೆಸ್ತರು ಮರದ ತೆಪ್ಪ ಎಳೆದು ತರುತ್ತಿದ್ದರು, ಬೇಯಿಸಿದ ಕಡಲೆಯ ಸುಂಡಲ್ ಮಾರುವವನು ಕೂಗುತ್ತಿದ್ದ. ದೊಡ್ಡಪ್ಪ ನೀರಿನ ಪಕ್ಕದಲ್ಲೇ ಬುತ್ತಿಯ ಗಂಟನ್ನಿಟ್ಟರು, ಕೆರೆಯ ಸೋಪಾನದ ಮೇಲಿಟ್ಟ ಹಾಗೆ. ಅಲೆ ಬಂದು ಅದನ್ನು ಎತ್ತಿಕೊಂಡೇ ಹೋಯಿತು. "ಅಯ್ಯಯ್ಯೋ, ರೊಟ್ಟಿ! ರೊಟ್ಟಿ!" ಎಂದು ದೊಡ್ಡಪ್ಪ ಕುಣಿದಾಡಿದರು. ಆದರೆ ನೀರಿಗೆ ಕಾಲಿಡಲಿಲ್ಲ.

ಮಕ್ಕಳಿಗೆ ದೋಷವಿಲ್ಲವೆಂದು ನನ್ನನ್ನು ಬಿಟ್ಟರು. ನಾನು ಓಡಿದೆ. ಮುಂದೆ ಹೋದೀನೆಂದು ಹೆದರಿ ದೊಡ್ಡಮ್ಮ ನನ್ನ ಹಿಂದೆಯೇ ಬಂದು, ಒದ್ದೆ ಮರಳು ಶುರುವಾಗುವಲ್ಲಿ ನಿಂತು ನನ್ನ ಜಡೆಯ ತುದಿ ಹಿಡಿದುಕೊಂಡಳು. ದೊಡ್ಡದೊಂದು ಅಲೆ ಬಂತು. ನನ್ನನ್ನು ದಾಟಿ ಹೋಗಿ ಅವಳ ಪಾದದ ಮೇಲೆ ಹರಿದು, ಸೀರೆಯಂಚು ನೆನೆಸಿ ಹಿಂದಕ್ಕೆ ಹೋಯಿತು. ಅವಳು ಕಲ್ಲಿನಂತೆ ನಿಂತಳು. ಗಂಡನ ಕಡೆ ತಿರುಗಿದಳು, ನೀರಿನ ಕಡೆ ತಿರುಗಿದಳು.

"ನಾನೆಲ್ಲಿ ಮುಟ್ದೆ? ಅದೇ ಬಂದು ಮುಟ್ತು!" ಎಂದಳು.

ಹಾಗೆಂದವಳೇ ನನ್ನ ಕೈ ಹಿಡಿದು ನೀರಿಗೆ ನಡೆದೇಬಿಟ್ಟಳು. ಮೊಣಕಾಲಿಗೆ, ಸೊಂಟಕ್ಕೆ ನೀರು ಬಂತು. ಅಲೆಯೊಂದು ನಮ್ಮಿಬ್ಬರನ್ನೂ ಎತ್ತಿ ಕುಕ್ಕಿತು. ದೊಡ್ಡಮ್ಮ ಎದ್ದು, ಕೂದಲೆಲ್ಲ ಮುಖಕ್ಕೆ ಬಿದ್ದು, ಹೋ ಎಂದು ನಕ್ಕಳು. ಸೆರಗು ಎಲ್ಲಿತ್ತೋ! ಆ ನಗುವನ್ನು ನಾನು ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಕೆರೆಯಲ್ಲಿ ಮಾಡುವಂತೆ ಬೊಗಸೆ ನೀರು ತೆಗೆದು ಬಾಯಿ ಮುಕ್ಕಳಿಸಿ, "ಥೂ, ಯಾರೇ ಇದಕ್ಕೆ ಇಷ್ಟು ಉಪ್ಪು ಹಾಕಿದ್ದು, ನಿಮ್ಮಜ್ಜಿನಾ?" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ದಡದ ಕಡೆ ಕೈ ಬೀಸಿದಳು. "ಬನ್ರೀ! ಏನೂ ಆಗಲ್ಲ ಬನ್ನಿ! ನೀರು ಬೆಚ್ಚಗಿದೆ ಕಣ್ರೀ!"

ದೊಡ್ಡಪ್ಪ ಅತ್ತಿತ್ತ ನೋಡಿದರು. ನಮ್ಮೂರಿನವರು ಯಾರು ತಾನೆ ಅಲ್ಲಿರಬೇಕು? ಆದರೂ ನೋಡಿದರು. ನಾವು ಕಳಚಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಒಣಮರಳಿನ ಮೇಲೇ ನಿಂತರು. ಅವಳು ಮತ್ತೆ ಮತ್ತೆ ಕರೆದಳು.

ಅವಳು ಹಟ ಹಿಡಿದು ಇನ್ನೊಂದು ದಿನ ಉಳಿಸಿಕೊಂಡಳು. ಮಾರನೆಯ ಬೆಳಿಗ್ಗೆ ಮೈಲಾಪುರದ ಕಡೆಯ ದಂಡೆಗೆ ಹೋದೆವು. ಅಲ್ಲಿ ಜನ ಕಡಿಮೆ. ದೊಡ್ಡಮ್ಮ ನೀರಿನಂಚಿಗೆ ಕಾಲು ಚಾಚಿ ಕೂತು, ಅಲೆ ಬಂದಾಗಲೆಲ್ಲ "ಬಾ ತಾಯಿ, ಬಾ" ಎನ್ನುತ್ತಿದ್ದಳು. ಮರಳನ್ನು ಕಾಲ ಮೇಲೆ ಹೇರಿಕೊಂಡಳು. ಚಿಕ್ಕಚಿಕ್ಕ ಏಡಿಗಳ ಹಿಂದೆ ನನಗಿಂತ ಮುಂದಾಗಿ ಓಡಿದಳು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಎಷ್ಟು ಚೆಂದವಿದ್ದಳು ನಮ್ಮ ದೊಡ್ಡಮ್ಮ!

ಊರಿಗೆ ಬಂದ ಮೇಲೆ ಅಜ್ಜಿ ಸ್ನಾನವಾಯಿತೆ ಎಂದು ಕೇಳಿದಳು. ದೊಡ್ಡಪ್ಪ ಹಗ್ಗ ಹುಡುಕಿಕೊಂಡು ಹೊರಟರು. ದೊಡ್ಡಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹುಣ್ಣಿಮೆ ತಪ್ಪಿತು, ಪಾಡ್ಯದಲ್ಲಿ ನಾನೊಬ್ಬಳೇ ಇಳಿದೆ. ಅಜ್ಜಿ ಎದೆ ಬಡಿದುಕೊಂಡಳು. "ಏಂ ಪನಿ ಚೇಸ್ತಿವೇ! ಇಂಥಾ ಕೆಲಸ ಮಾಡಿ ಹೇಳೋಕೂ ನಾಚ್ಕೆ ಇಲ್ವಾ ನಿನಗೆ?"

"ಮುಚ್ಚಿಡೋಕೆ ನಾನೇನು ಕದ್ದಿದ್ದೀನಾ ಅತ್ತೆ?" ಎಂದು ದೊಡ್ಡಮ್ಮ ಸೊಪ್ಪು ಹೆಚ್ಚಲು ಕೂತಳು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಸೊಪ್ಪಿನ ವಾಸನೆಗೆ ಅವಳಿಗೆ ವಾಕರಿಕೆ ಬಂತು. ಅಷ್ಟು ವರ್ಷ ಆಗದ್ದು ಆಗಿತ್ತು! ಅಜ್ಜಿ ತನ್ನ ಹರಕೆಯ ಫಲವೆಂದಳು. ದೊಡ್ಡಮ್ಮ ನನ್ನ ಕಿವಿಯಲ್ಲಿ, "ಇದು ಸಮುದ್ರದ ಮಗು ಕಣೇ, ಯಾರಿಗೂ ಹೇಳ್ಬೇಡ" ಎಂದು ಕಣ್ಣು ಮಿಟುಕಿಸಿದಳು. ಅವಳನ್ನು ಕೂರಿಸಿ ಉಣ್ಣಿಸಿದ್ದೇನು, ಹಸಿರು ಬಳೆ ತೊಡಿಸಿದ್ದೇನು. ದಿನ ತುಂಬಿ ಗಂಡು ಮಗು ಹುಟ್ಟಿತು. ಅದು ಅಳಲಿಲ್ಲ. ಸೂಲಗಿತ್ತಿ ತಲೆಕೆಳಗು ಹಿಡಿದು ತಟ್ಟಿದಳು, ಕಿವಿಯಲ್ಲಿ ಊದಿದಳು. ಏನು ಮಾಡಿದರೂ ಅಳಲಿಲ್ಲ.

ಮಗುವನ್ನು ಎತ್ತಿಕೊಂಡು ಹೋದವರು ತಿರುಗಿ ಬರುವುದರೊಳಗೆ ಅಜ್ಜಿ ಹೇಳಿಯಾಗಿತ್ತು, "ಪಾಡ್ಯದ ನೀರು ಸುಮ್ನೆ ಬಿಡುತ್ತಾ? ನನ್ನ ಮೊಮ್ಮಗನ್ನ ಇವಳೇ ತಿಂದಳು" ಎಂದು. ಆ ಮಾತು ಬೀದಿಯ ಮಾತಾಯಿತು. ಹುಳುವಿನ ಮೊಟ್ಟೆ ಮನೆಗೆ ಬಂದ ದಿನ ಅರಿಶಿನ ಕುಂಕುಮವಿಟ್ಟು ಒಳಗೆ ತರುವುದು ಮನೆಯ ಮುತ್ತೈದೆ. ಅಲ್ಲಿಯವರೆಗೆ ಅದು ದೊಡ್ಡಮ್ಮನ ಕೈಯಿಂದಲೇ ಆಗುತ್ತಿತ್ತು. ಆಮೇಲೆ ಅಜ್ಜಿ ಪಕ್ಕದ ಮನೆಯ ಸೊಸೆಯನ್ನು ಕರೆಸಿದಳು. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಸೊಪ್ಪು ಹೆಚ್ಚುವುದಕ್ಕೆ, ಕಸ ತೆಗೆಯುವುದಕ್ಕೆ ಮಾತ್ರ ಆ ಕೈಗೆ ದೋಷವಿರಲಿಲ್ಲ! ದೊಡ್ಡಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಬಾಯಿ ತುಂಬ ಮಾತಾಡುತ್ತಿದ್ದವಳು ಬೇಕಾದಷ್ಟಕ್ಕೆ ಮಾತಾಡತೊಡಗಿದಳು. ನಾನು ಚಿಕ್ಕಬಳ್ಳಾಪುರದಲ್ಲಿ ಓದಿ, ಗೌರಿಬಿದನೂರಿಗೆ ಸೊಸೆಯಾಗಿ ಹೋದೆ. ನನ್ನ ಚೊಚ್ಚಲ ಬಸಿರಿನಲ್ಲಿ ದೊಡ್ಡಮ್ಮ ನೋಡಲು ಬಂದಳು. ಬಂದವಳು ನನ್ನ ಹತ್ತಿರ ಕೂರಲಿಲ್ಲ. ತಿಂಡಿಯ ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟು, ಅಲ್ಲಿಂದಲೇ ಮಾತಾಡಿದಳು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಕೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, "ದೊಡ್ಡಮ್ಮ, ನೀನೂ ಅದನ್ನ ನಂಬ್ತೀಯಾ?" ಎಂದು ಕೇಳಿಯೇಬಿಟ್ಟೆ.

ಅವಳು ಕೈ ತೆಗೆಯಲಿಲ್ಲ. "ಒಂದೊಂದು ದಿನ ನಂಬ್ತೀನಿ ಕಣಮ್ಮ. ನಾನೇ ಕೊಂದ್ನೇನೋ ಅನ್ಸುತ್ತೆ. ಆದರೆ ಆ ನೀರಲ್ಲಿ ನಿಂತಿದ್ನಲ್ಲ, ಅದು ತಪ್ಪು ಅಂತ ಮಾತ್ರ ಹೇಳೋಕೆ ನಾಲಿಗೆ ಏಳಲ್ಲ. ಅದೂ ತಪ್ಪು ಅಂದ್ಬಿಟ್ರೆ, ನನ್ನದು ಅಂತ ಇನ್ನೇನೇ ಉಳೀತು?" ಆಮೇಲೆ ಕಣ್ಣೊರೆಸಿಕೊಂಡು, "ಅವತ್ತು ಅವರೂ ಒಂದು ಹೆಜ್ಜೆ ಇಳಿದಿದ್ರೆ ಆಗ್ತಿತ್ತು. ಬೈಗುಳ ಇಬ್ಬರಿಗೂ ಪಾಲಾಗ್ತಿತ್ತು" ಎಂದು ನಕ್ಕಳು. ಸೆರಗು ಬಾಯಿಗೆ ಹೋಗಿತ್ತು.

ನನ್ನ ಮಗಳಿಗೆ ನಡೆಯಲು ಬಂದ ವರ್ಷ ದೊಡ್ಡಮ್ಮನಿಗೆ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ಚಿಂತಾಮಣಿಯ ಡಾಕ್ಟರು ತಡವಾಯಿತೆಂದರು. ಸುಗ್ಗಿ ಮುಗಿಯುವುದರೊಳಗೆ ಹೊರಟೇಹೋದಳು. ನನ್ನ ತಲೆ ಬಾಚಿದ ಕೈಯನ್ನು ಕೊನೆಯ ಸಲ ನಾನೇ ತೊಳೆದೆ. ಹೆತ್ತ ತಾಯಿ ಹೋದಾಗಲೂ ನಾನು ಅಷ್ಟು ಅಳಲಿಲ್ಲ.

ಅಸ್ಥಿಯನ್ನು ಕಾವೇರಿಗೆ ಬಿಡುವುದೆಂದು ಮನೆಯಲ್ಲಿ ಮಾತಾಯಿತು. ಬೆಳಿಗ್ಗೆ ನೋಡಿದರೆ ದೊಡ್ಡಪ್ಪ ಮಡಕೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಯಾರಿಗೂ ಹೇಳದೆ ಹೋಗಿದ್ದರು. ತಿರುಗಿ ಬಂದಾಗ ಅಜ್ಜಿ, ಅಷ್ಟು ವಯಸ್ಸಾಗಿ ಕಣ್ಣು ಕಾಣದಿದ್ದರೂ ಬಿಡದೆ ಕೇಳಿದಳು. "ಎಲ್ಲಿ ಬಿಟ್ಟೆಯೋ?"

"ಮದರಾಸಿಗೆ ಹೋಗಿದ್ದೆ. ಸಮುದ್ರಕ್ಕೆ ಇಳಿದೆ."

"ತಿಥಿ ಏನಿತ್ತು ಅವತ್ತು?"

"ನೋಡ್ಲಿಲ್ಲಮ್ಮ" ಎಂದರು ದೊಡ್ಡಪ್ಪ. ಹಗ್ಗ, ಬುಟ್ಟಿ ಯಾವುದನ್ನೂ ಹುಡುಕದೆ ತಾಯಿಯ ಎದುರಿಗೇ ನಿಂತರು.

ಆಮೇಲೆ ಹಿತ್ತಲಲ್ಲಿ ನಾನು ಕಾಲಿಗೆ ನೀರು ಕೊಟ್ಟಾಗ, ಚೊಂಬನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. "ಎದೆಮಟ್ಟ ಹೋಗಿದ್ದೆ ಕಣಮ್ಮ" ಎಂದರು. "ನಿಜವಾಗ್ಲೂ ಬೆಚ್ಚಗಿತ್ತು. ನಿನ್ನ ದೊಡ್ಡಮ್ಮ ಹೇಳಿದ್ದು ನಿಜ. ಏನೂ ಆಗ್ಲಿಲ್ಲ." ಅಷ್ಟು ಹೇಳಿ, ಗಂಡಸು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ಆ ಮಾತನ್ನು ಕೇಳಬೇಕಾಗಿದ್ದವಳು ಅದೇ ಮನೆಯಲ್ಲಿ, ಅವರ ಪಕ್ಕದಲ್ಲೇ, ಅಷ್ಟು ವರ್ಷ ಸೊಪ್ಪು ಹೆಚ್ಚುತ್ತ ಕೂತಿದ್ದಳು.